ಒಂದೇ ಮನೆಗೆ ಮೂರು ಬೆಲೆ: ವ್ಯಾಲ್ಯೂಯರ್ 11 ಲಕ್ಷ ಕಮ್ಮಿ ಬರೆದದ್ದು ಯಾಕೆ?

ಪ್ರಶ್ನೆ: ಸಾರ್, ತುಮಕೂರಿನ ರಿಂಗ್ ರಸ್ತೆಯಾಚೆ ಒಂದು ಮನೆ ನೋಡಿದ್ದೇವೆ. 30×40 ಸೈಟು, ಕೆಳಗೆ 9 ಚದರ, ಮೇಲೆ 7 ಚದರ, ಕಟ್ಟಿ 14 ವರ್ಷ. ಮಗಳ ಸ್ಕೂಲಿಗೆ ಹತ್ತಿರ ಅಂತ ಇಷ್ಟವಾಯಿತು. 68 ಲಕ್ಷ ಹೇಳಿದ್ದರು, 62ಕ್ಕೆ ಮಾತಾಯಿತು. 3 ಲಕ್ಷ ಅಡ್ವಾನ್ಸ್ ಕೊಟ್ಟು ಕರಾರು ಮಾಡಿಕೊಂಡಿದ್ದೇವೆ. ಮನೆಗೆ ಬೆಲೆ ಕಟ್ಟಲು ಬ್ಯಾಂಕಿನಿಂದ ಬಂದ ವ್ಯಾಲ್ಯೂಯರ್ 20 ನಿಮಿಷ ಓಡಾಡಿ ಹೋದರು, ವರದಿಯಲ್ಲಿ 51 ಲಕ್ಷ ಅಂತ ಬರೆದಿದ್ದಾರೆ. ಈಗ 40.80 ಲಕ್ಷಕ್ಕಿಂತ ಜಾಸ್ತಿ ಸಾಲ ಆಗಲ್ಲ ಅಂತಿದೆ ಬ್ಯಾಂಕು. ನಾವು 49 ಲಕ್ಷ ಸಿಗುತ್ತೆ ಅಂದುಕೊಂಡಿದ್ವಿ. ಇತ್ತ ಮಾಲೀಕರು "ಸರ್ಕಾರಿ ರೇಟಿನ ಪ್ರಕಾರ 36 ಲಕ್ಷಕ್ಕೆ ರಿಜಿಸ್ಟರ್ ಮಾಡಿಸೋಣ, ಮಿಕ್ಕಿದ್ದು ಕ್ಯಾಶ್ ಕೊಡಿ, ನಿಮಗೂ ಉಳಿಯುತ್ತೆ" ಅಂತಿದ್ದಾರೆ. 62, 51, 36. ಇದರಲ್ಲಿ ನಿಜವಾದ ಬೆಲೆ ಯಾವುದು? ವ್ಯಾಲ್ಯೂಯೇಷನ್ ಫೀಸು ಬೇರೆ ನಾವೇ ಕಟ್ಟಿದ್ದೇವೆ. ವರದಿಯ ಪ್ರತಿ ಜೊತೆಗಿಟ್ಟಿದ್ದೇನೆ. ದುಡ್ಡು ಸಾಲದಿದ್ದರೆ ಗುಬ್ಬಿಯಲ್ಲಿ ಅಪ್ಪನಿಂದ ಬಂದ ಸೈಟು ಮಾರಬೇಕಾಗಬಹುದು.
– ಓದುಗರು, ತುಮಕೂರು

ಉತ್ತರ: ವರದಿಯನ್ನು ಎರಡು ಸಲ ಓದಿದೆ. ಮನೆ ನಾನು ನೋಡಿಲ್ಲ, ಬರೀ ಕಾಗದ ನೋಡಿ ಹೇಳುತ್ತಿದ್ದೇನೆ. ಲೆಕ್ಕದಲ್ಲಿ ತಪ್ಪು ಕಾಣಲಿಲ್ಲ. ಇದೇ ಅಳತೆ, ಇದೇ ರಸ್ತೆ ಅಂದರೆ ನಾನೂ 51 ಬರೆಯುತ್ತಿದ್ದೆ, ತೀರಾ ಅಂದರೆ 53. "ನೀವೂ ಅವರ ಪೈಕಿಯೇ ಅಲ್ವಾ" ಅಂತ ನಿಮಗೆ ಅನಿಸಬಹುದು. ಹೌದು, 20 ವರ್ಷದಿಂದ ಈ ಜಿಲ್ಲೆಯಲ್ಲಿ ಟೇಪು ಹಿಡಿದು ಓಡಾಡುವವನೇ ನಾನು. ಆದ್ದರಿಂದ ನನ್ನ ಮಾತು ನಂಬಬೇಡಿ, ಲೆಕ್ಕ ನೋಡಿ.

ಅದಕ್ಕೆ ಮೊದಲು ನಿಮ್ಮ ಪ್ರಶ್ನೆ. ಮೂರರಲ್ಲಿ ನಿಜವಾದದ್ದು ಯಾವುದು? ಮೂರೂ ನಿಜವೇ. ಕೇಳಿದವರು ಬೇರೆ, ಕೇಳಿದ್ದೂ ಬೇರೆ, ಅಷ್ಟೇ.

36 ಲಕ್ಷ ಬಂದದ್ದು ಸಬ್ ರಿಜಿಸ್ಟ್ರಾರ್ ಕಚೇರಿಯ ಮಾರ್ಗಸೂಚಿ ದರದಿಂದ. ನಮ್ಮ ಜನ ಅದನ್ನೇ ಸರ್ಕಾರಿ ರೇಟು, ಎಸ್‌ಆರ್ ರೇಟು ಅನ್ನುತ್ತಾರೆ. 1957ರ ಕರ್ನಾಟಕ ಸ್ಟ್ಯಾಂಪ್ ಕಾಯ್ದೆಯಡಿ ಇದಕ್ಕೆಂದೇ ಕೇಂದ್ರ ಮೌಲ್ಯಮಾಪನ ಸಮಿತಿ ಇದೆ. ಊರು, ಬಡಾವಣೆ, ರಸ್ತೆ ನೋಡಿ ದರ ಗೊತ್ತು ಮಾಡುತ್ತಾರೆ. 2023ರ ಅಕ್ಟೋಬರ್ 1ರಿಂದ ರಾಜ್ಯದಾದ್ಯಂತ ಅದನ್ನು ಏರಿಸಿದ್ದರು. ಆ ದರ ಇರುವುದು ಸ್ಟ್ಯಾಂಪ್ ಡ್ಯೂಟಿ ಲೆಕ್ಕಕ್ಕೆ. ಇದಕ್ಕಿಂತ ಕೆಳಗೆ ಲೆಕ್ಕ ಹಾಕಬೇಡಿ ಅಂತ ಎಳೆದ ಗೆರೆ ಅದು. ನಿಮ್ಮ ಮನೆ ಗೋಡೆ ಬಿರುಕು ಬಿಟ್ಟಿದೆಯೋ, ಅಡುಗೆಮನೆಗೆ ಗ್ರಾನೈಟ್ ಹಾಕಿದ್ದಾರೋ ಆ ದರಕ್ಕೆ ಗೊತ್ತಿಲ್ಲ.

62 ಲಕ್ಷ ನೀವಿಬ್ಬರೂ ಕೂತು ಒಪ್ಪಿದ್ದು. ಮಗಳು ಸ್ಕೂಲಿಗೆ ನಡೆದು ಹೋಗಬಹುದು ಅಂತ ಎರಡು ಲಕ್ಷ ಜಾಸ್ತಿ ಕೊಟ್ಟರೆ ಅದು ನಿಮ್ಮ ಇಷ್ಟ, ತಪ್ಪೇನಿಲ್ಲ. ಮಾಲೀಕರಿಗೆ ಅದು ಬೆವರು ಹರಿಸಿ ಕಟ್ಟಿದ ಮನೆ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನೋ ಹಾಗೆ, ಅವರು ಬೆಲೆ ಏರಿಸಿಯೇ ಹೇಳುತ್ತಾರೆ.

ಬ್ಯಾಂಕು ಕೇಳಿದ್ದು ಇದ್ಯಾವುದೂ ಅಲ್ಲ. ಮಾರುವವನಿಗೆ ಅವಸರ ಇಲ್ಲ, ಕೊಳ್ಳುವವನ ಮೇಲೆ ಒತ್ತಡ ಇಲ್ಲ, ಇಬ್ಬರಿಗೂ ಜಾಗದ ಗುಣದೋಷ ಚೆನ್ನಾಗಿ ಗೊತ್ತು. ಅಂಥಾ ಇಬ್ಬರ ನಡುವೆ ಈ ಮನೆ ಇವತ್ತಿನ ದಿನ ಎಷ್ಟಕ್ಕೆ ಕೈ ಬದಲಾದೀತು? ಇದಕ್ಕೆ ಉತ್ತರ 51 ಲಕ್ಷ. ವರದಿಯ ಕೊನೆ ಪುಟದಲ್ಲಿ ಇನ್ನೂ ಎರಡು ಮೊತ್ತ ಇವೆ, ಗಮನಿಸಿದ್ದೀರಾ? ಒಂದು, ಸ್ವಲ್ಪ ಬೇಗ ಮಾರಿದರೆ ಕೈಗೆ ಬರಬಹುದಾದದ್ದು. ಇನ್ನೊಂದು, ಹರಾಜಿಗೆ ಹಾಕಬೇಕಾಗಿ ಬಂದರೆ ಹುಟ್ಟುವ ಬೆಲೆ. ಅವು ಇನ್ನೂ ಕಮ್ಮಿ ಇರುತ್ತವೆ. ಕೆಲವರು ಆ ಕೊನೆಯದನ್ನು ನೋಡಿ ಗಾಬರಿಯಾಗಿ ಫೋನ್ ಮಾಡುತ್ತಾರೆ. ಅದು ನಿಮಗಲ್ಲ, ಕಂತು ನಿಂತರೆ ಏನು ಗತಿ ಅಂತ ಬ್ಯಾಂಕು ತನಗಾಗಿ ಬರೆಸಿಕೊಳ್ಳುವುದು.

ಈಗ 51 ಹೇಗೆ ಬಂತು ನೋಡೋಣ. ಸೈಟು 1,200 ಚದರ ಅಡಿ. ಅಡಿಗೆ 2,300 ರೂಪಾಯಿ ಹಾಕಿದ್ದಾರೆ, 27.60 ಲಕ್ಷ ಆಯಿತು. ಕಟ್ಟಡ 16 ಚದರ, ಅಂದರೆ 1,600 ಚದರ ಅಡಿ. ಇದೇ ಮಟ್ಟದ ಮನೆ ಇವತ್ತು ಹೊಸದಾಗಿ ಕಟ್ಟಲು ಅಡಿಗೆ 1,850 ರೂಪಾಯಿ ಅಂತ ಹಿಡಿದಿದ್ದಾರೆ, 29.60 ಲಕ್ಷ. ಇಲ್ಲಿಗೆ ಕೂಡಿದರೆ 57 ಲಕ್ಷ ದಾಟುತ್ತದೆ. ಮಾಲೀಕರು ಮನಸ್ಸಿನಲ್ಲಿ ಹಾಕಿದ್ದೂ ಇದೇ ಲೆಕ್ಕ, ಸಂಶಯ ಬೇಡ.

ಆದರೆ ಮನೆಗೆ ವಯಸ್ಸಾಗುತ್ತದೆ. ಜಾಗಕ್ಕೆ ಆಗಲ್ಲ. ಮೋಲ್ಡ್ ಹಾಕಿದ ಮನೆಗೆ 60 ವರ್ಷ ಆಯಸ್ಸು, ಕೊನೆಗೆ ಕಬ್ಬಿಣ, ಬಾಗಿಲು ಅಂತ ಶೇಕಡಾ 10ರಷ್ಟು ಉಳಿಯುತ್ತೆ ಅಂತ ಹಿಡಿಯುವುದು ರೂಢಿ. ಮಿಕ್ಕ ಶೇಕಡಾ 90ನ್ನು 60 ವರ್ಷಕ್ಕೆ ಹಂಚಿ, 14 ವರ್ಷದ್ದು ತೆಗೆದರೆ ಸರಿಯಾಗಿ ಶೇಕಡಾ 21. 29.60 ಲಕ್ಷದಲ್ಲಿ 6.22 ಲಕ್ಷ ಸವೆತ. ಉಳಿದದ್ದು 23.38 ಲಕ್ಷ. ಜಾಗದ 27.60 ಸೇರಿಸಿದರೆ 50.98. ಅದನ್ನೇ 51 ಅಂತ ಬರೆದಿದ್ದಾರೆ.

ಬೇಕಾದರೆ ಇನ್ನೊಂದು ಕಡೆಯಿಂದ ತಾಳೆ ನೋಡಿ. ಕೆಳಗಿನ ಮನೆಗೆ 11,000, ಮೇಲಿನದಕ್ಕೆ 8,000 ಬಾಡಿಗೆ ಬರಬಹುದು ಅಂತ ವರದಿಯಲ್ಲಿದೆ. ವರ್ಷಕ್ಕೆ 2.28 ಲಕ್ಷ. 62 ಲಕ್ಷ ಹಾಕಿದವರಿಗೆ ಅದು ನೂರಕ್ಕೆ 3 ರೂಪಾಯಿ 68 ಪೈಸೆ. ಸುಣ್ಣಬಣ್ಣ, ಕಂದಾಯ, ಮೋಟಾರ್ ರಿಪೇರಿ ಎಲ್ಲಾ ಅದರಲ್ಲೇ. ವಾಸಕ್ಕೆ ಕೊಳ್ಳುವವರು ಇಷ್ಟು ಲೆಕ್ಕ ಹಾಕಲ್ಲ, ಹಾಕಬೇಕಾಗಿಯೂ ಇಲ್ಲ. ಆದರೆ 62 ಸ್ವಲ್ಪ ಉಬ್ಬಿದೆ ಅನ್ನೋದು ಇದರಲ್ಲೂ ಕಾಣುತ್ತೆ.

ವರದಿಯಲ್ಲಿ ಎರಡು ಸಣ್ಣ ಸಾಲುಗಳಿವೆ. 11 ಲಕ್ಷದಲ್ಲಿ ಸವೆತ ಬಿಟ್ಟು ಮಿಕ್ಕದ್ದರ ಗುಟ್ಟು ಅಲ್ಲೇ ಇದೆ. ಮೊದಲನೆಯದು: "ಮುಂದಿನ ರಸ್ತೆ 20 ಅಡಿ." ಬ್ರೋಕರ್ ನಿಮಗೆ ಹೇಳಿದ ರೇಟು ಅದೇ ಬಡಾವಣೆಯ 40 ಅಡಿ ರಸ್ತೆಯದ್ದಾಗಿರಬೇಕು. ಬಡಾವಣೆ ಒಂದೇ, ಹೆಸರೂ ಒಂದೇ. ಆದರೆ 20 ಅಡಿ ರಸ್ತೆಯಲ್ಲಿ ಕಾರು ಹಿಂದೆ ತೆಗೆಯುವಷ್ಟರಲ್ಲಿ ಎದುರು ಮನೆಯವರ ಕಾಂಪೌಂಡ್ ತಾಗುತ್ತದೆ. ಕೊಳ್ಳುವವನು ಅದನ್ನು ನೋಡಿಯೇ ನೋಡುತ್ತಾನೆ. ಎರಡನೆಯದು: "ಟೆರೇಸ್ ಮೇಲೆ ಶೀಟ್ ಹೊದಿಸಿದ ಕೋಣೆ, ಮಂಜೂರಾದ ನಕ್ಷೆಯಲ್ಲಿ ಇಲ್ಲ, ಗಣನೆಗೆ ತೆಗೆದುಕೊಂಡಿಲ್ಲ." ಮಾಲೀಕರು ಅದನ್ನು "ಇನ್ನೊಂದು ರೂಮು, ಸ್ಟೂಡೆಂಟ್ಸಿಗೆ ಕೊಡಬಹುದು" ಅಂತ ಬೆಲೆ ಕಟ್ಟಿ ಕೊಟ್ಟಿರುತ್ತಾರೆ. ಬ್ಯಾಂಕಿನ ಕಣ್ಣಿಗೆ ಅದು ಇಲ್ಲವೇ ಇಲ್ಲ. ನಕ್ಷೆಯಲ್ಲಿ ಇಲ್ಲದ್ದನ್ನು ನಾಳೆ ತೆಗೆಸಿದರೆ ಸಾಲಕ್ಕೆ ಆಧಾರ ಏನು?

20 ನಿಮಿಷದ ವಿಷಯ. ಈ ದೂರು ನನಗೂ ಬಂದಿದೆ. ಮನೆಯಲ್ಲಿ 20 ನಿಮಿಷ ಸಾಕು, ಕೆಲಸ ಹೆಚ್ಚಾಗಿ ಹೊರಗೆ. ಬರುವ ಮುಂಚೆ ಕ್ರಯಪತ್ರ, ಖಾತೆ, ನಕ್ಷೆ ಓದಿರಬೇಕು. ಬಂದ ಮೇಲೆ ನಾಲ್ಕೂ ಕಡೆ ಅಳತೆ, ಚಕ್ಕುಬಂದಿ, ಅಂದರೆ ಪತ್ರದಲ್ಲಿ ಬರೆದ ನಾಲ್ಕು ದಿಕ್ಕಿನ ಗಡಿ, ಹೊಂದುತ್ತಾ ಅನ್ನೋದು, ಗೋಡೆ-ಚಾವಣಿ ಸೇರುವಲ್ಲಿ ತೇವ, ಸಜ್ಜಾದಡಿ ಕಬ್ಬಿಣ ತುಕ್ಕು ಹಿಡಿದು ಸಿಮೆಂಟು ಉದುರಿದೆಯಾ ಅನ್ನೋದು. ಆಮೇಲೆ ಬೀದಿ ಕೊನೆಯ ಟೀ ಅಂಗಡಿ. "ಇಲ್ಲಿ ಈಚೆಗೆ ಯಾವುದಾದರೂ ಮನೆ ಹೋಯ್ತಾ?" ಅಂತ ಸುಮ್ನೆ ಕೇಳಿದರೆ ಆಗುತ್ತದೆ. ಮಾರಿದವರು ಯಾರು, ಎಷ್ಟು ತಿಂಗಳು ಕಾದರು, ಕೊನೆಗೆ ಎಷ್ಟಕ್ಕೆ ಇಳಿದರು, ಎಲ್ಲ ಬರುತ್ತದೆ. ಅದರಲ್ಲಿ ಅರ್ಧ ಬಾಯಿಮಾತು. ಮಿಕ್ಕರ್ಧವನ್ನು ಕಾಗದದ ಜೊತೆ ತಾಳೆ ಹಾಕಬೇಕು.

ಚಕ್ಕುಬಂದಿ ಅಂದೆ. ಒಂದು ಸಲ ಕುಣಿಗಲ್ ರಸ್ತೆ ಕಡೆ ಒಂದು ಸೈಟಿಗೆ ಕರೆದುಕೊಂಡು ಹೋಗಿ ತೋರಿಸಿದರು. ಒಳ್ಳೇ ಮೂಲೆ ಸೈಟು, ಎರಡು ಕಡೆ ರಸ್ತೆ. ಪತ್ರ ತೆಗೆದು ನೋಡಿದೆ. ಪೂರ್ವಕ್ಕೆ ರಸ್ತೆ, ಉತ್ತರಕ್ಕೆ ಬೇರೆಯವರ ಸೈಟು ಅಂತಿದೆ. ನನ್ನ ಕಣ್ಣಿಗೆ ಉತ್ತರದಲ್ಲೂ ರಸ್ತೆಯೇ! ಕಲ್ಲಿನ ನಂಬರ್ ಹುಡುಕಿಕೊಂಡು ಹೋದರೆ ನಿಜವಾದ ಸೈಟು ಆರು ಸೈಟು ಆಚೆ, ಹಿಂದುಗಡೆ ಮೋರಿ. ಕೊಳ್ಳಲು ಬಂದಿದ್ದ ಮೇಷ್ಟ್ರು ಅಲ್ಲೇ ಬೇವಿನ ಮರದ ಕೆಳಗೆ ಕೂತುಬಿಟ್ಟರು. ತೋರಿಸಿದ ಬ್ರೋಕರ್ "ಮರೆತುಹೋಯ್ತು ಸಾರ್" ಅಂದ. ಮರೆತನೋ ಮರೆಸಿದನೋ, ಆ ಮೇಷ್ಟ್ರು ಕಟ್ಟಿದ ಫೀಸು ಅಲ್ಲಿಗೆ ವಸೂಲಾಯಿತು.

ಫೀಸು ನಾವೇ ಕಟ್ಟಿದ್ದೇವೆ ಅಂತ ಬೇಜಾರು ಮಾಡಿಕೊಂಡಿದ್ದೀರಿ. ಸ್ವಲ್ಪ ಯೋಚನೆ ಮಾಡಿ. ಬ್ರೋಕರ್ ಕಮಿಷನ್ ಬೆಲೆಯ ಜೊತೆ ಏರುತ್ತದೆ. ಮಾಲೀಕರದ್ದು ಹೇಳಲೇಬೇಕಿಲ್ಲ. ಸಾಲ ಕೊಡುವವರಿಗೂ ತಿಂಗಳ ಟಾರ್ಗೆಟ್ ಇರುತ್ತದೆ. 51 ಬರೆದರೂ 62 ಬರೆದರೂ ಹೆಚ್ಚು ವ್ಯತ್ಯಾಸ ಆಗದವನು ವ್ಯಾಲ್ಯೂಯರ್ ಒಬ್ಬನೇ. ಅವನ ಮೇಲೂ ಒತ್ತಡ ಬರುತ್ತದೆ, ಸುಳ್ಳು ಯಾಕೆ. "ಸ್ವಲ್ಪ ಏರಿಸಿ ಬರೀರಿ ಸಾರ್, ಪಾರ್ಟಿ ಒಳ್ಳೇವರು" ಅಂತ ನನಗೂ ಹೇಳಿದ್ದಾರೆ. ಏರಿಸಿ ಬರೆದವರೂ ಇದ್ದಾರೆ. ಕಂತು ನಿಂತು, ಬ್ಯಾಂಕಿಗೆ ಅಡವಿಟ್ಟ ಆಸ್ತಿ ಮಾರಿ ಸಾಲ ವಸೂಲಿ ಮಾಡಲು ಬಿಡುವ 2002ರ ಸರ್ಫೇಸಿ ಕಾಯ್ದೆಯಡಿ ಮನೆ ಹರಾಜಿಗೆ ಬಂದಾಗ ಮತ್ತೆ ವ್ಯಾಲ್ಯೂಯೇಷನ್ ಆಗುತ್ತದೆ. ಆಗ ಹಳೇ ವರದಿ ಹೊರಗೆ ತೆಗೆಯುತ್ತಾರೆ. ಏರಿಸಿ ಬರೆಸಿಕೊಂಡ ಸಾಲಗಾರನ ಪಾಡು ಇನ್ನೂ ಕಷ್ಟ. ಮನೆ ಹೋದ ಮೇಲೂ ಸಾಲ ಉಳಿದಿರುತ್ತದೆ.

ಸಾಲದ ಮಿತಿ ಬ್ಯಾಂಕು ತನಗೆ ತೋಚಿದ ಹಾಗೆ ಹಾಕಿದ್ದಲ್ಲ. ರಿಸರ್ವ್ ಬ್ಯಾಂಕಿನ ನಿಯಮ: 30 ಲಕ್ಷದವರೆಗಿನ ಗೃಹಸಾಲಕ್ಕೆ ಮನೆ ಮೌಲ್ಯದ ಶೇಕಡಾ 90ರವರೆಗೆ, 30ರಿಂದ 75 ಲಕ್ಷದ ಸಾಲಕ್ಕೆ ಶೇಕಡಾ 80, ಅದಕ್ಕಿಂತ ಮೇಲೆ ಶೇಕಡಾ 75. ನೀವು ಒಪ್ಪಿದ ಬೆಲೆ, ವ್ಯಾಲ್ಯೂಯರ್ ಬರೆದ ಬೆಲೆ, ಇವೆರಡರಲ್ಲಿ ಯಾವುದು ಕಮ್ಮಿಯೋ ಅದರ ಮೇಲೆ ಬ್ಯಾಂಕು ಲೆಕ್ಕ ಹಾಕುತ್ತದೆ. 51ರ ಶೇಕಡಾ 80, ಅಂದರೆ 40.80. ಸ್ಟ್ಯಾಂಪ್, ನೋಂದಣಿ ಖರ್ಚನ್ನು ಮೌಲ್ಯಕ್ಕೆ ಸೇರಿಸಲ್ಲ. ಅದು ನಿಮ್ಮ ಜೇಬಿನಿಂದಲೇ.

ಈಗ ಮಾಲೀಕರ 36 ಲಕ್ಷದ ಸಲಹೆಗೆ ಬರೋಣ. ನಿಮ್ಮ ಪತ್ರದಲ್ಲಿ ನನಗೆ ನಿಜಕ್ಕೂ ಹೆದರಿಕೆ ಹುಟ್ಟಿಸಿದ್ದು ಇದು.

ಉಳಿತಾಯ ಎಷ್ಟು? ಸ್ಟ್ಯಾಂಪ್ ಡ್ಯೂಟಿ, ಸೆಸ್, ಸರ್‌ಚಾರ್ಜ್ ಸೇರಿ ಪಟ್ಟಣದಲ್ಲಿ ಶೇಕಡಾ 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇಕಡಾ 2. ಒಟ್ಟು 7.6. 62 ಲಕ್ಷಕ್ಕೆ 4.71 ಲಕ್ಷ, 36ಕ್ಕೆ 2.74 ಲಕ್ಷ. ಹತ್ತಿರ ಹತ್ತಿರ ಎರಡು ಲಕ್ಷ ಉಳಿಯಿತು ಅನ್ನಿ.

ಕಳೆದುಕೊಳ್ಳೋದು? ಕ್ರಯಪತ್ರದಲ್ಲಿ 36 ಅಂತ ಇದ್ದರೆ ಬ್ಯಾಂಕಿಗೆ ಆ ಮನೆಯ ಬೆಲೆ 36. ಸಾಲ ಹೆಚ್ಚೆಂದರೆ 30 ಲಕ್ಷ; ಅದನ್ನು ದಾಟಿದರೆ ಶೇಕಡಾ 80ರ ಮಿತಿ ಬರುತ್ತದೆ, ಅದು 36ಕ್ಕೆ 28.80 ಮಾತ್ರ. ಕೈಯಿಂದ ಹಾಕಬೇಕಾದದ್ದು 21.20 ಲಕ್ಷ ಇದ್ದದ್ದು 32 ಆಗುತ್ತದೆ. ಸಾಲ ಸಾಲದು ಅಂತ ನೀವು ಬರೆದಿದ್ದು, ಅವರು ಹೇಳುತ್ತಿರುವುದು ಇನ್ನೂ ಹತ್ತಿರ ಹತ್ತಿರ 11 ಲಕ್ಷ ಕಮ್ಮಿ ಸಾಲ! ಇದನ್ನು ಅವರಿಗೆ ಯಾರೂ ಬಿಡಿಸಿ ಹೇಳಿದ ಹಾಗಿಲ್ಲ.

ಅಲ್ಲಿಗೇ ಮುಗಿಯಲ್ಲ. ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ನಗದು ತೆಗೆದುಕೊಳ್ಳುವಂತಿಲ್ಲ. ತೆಗೆದುಕೊಂಡವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ನಿಮಗೆ ಪೆಟ್ಟು ಬೀಳೋದು ಆಮೇಲೆ. ಮುಂದೆ ಎಂದೋ ನೀವು ಈ ಮನೆಯನ್ನು 75 ಲಕ್ಷಕ್ಕೆ ಮಾರುತ್ತೀರಿ ಅನ್ನೋಣ. ನೀವು ಕೊಂಡದ್ದು 36ಕ್ಕೆ ಅಂತ ಕಾಗದ ಹೇಳುತ್ತದೆ. ಲಾಭ 39 ಲಕ್ಷ. 62 ಅಂತ ಇದ್ದಿದ್ದರೆ ಲಾಭ 13 ಮಾತ್ರ. ಈಗಿನ ಶೇಕಡಾ 12.5 ತೆರಿಗೆಯಲ್ಲಿ ವ್ಯತ್ಯಾಸ 3.25 ಲಕ್ಷ. ಇವತ್ತು ಉಳಿಸಿದ ಎರಡು ಲಕ್ಷಕ್ಕೆ ಅಂದು ಕೊಡೋದು ಮೂರೂಕಾಲು.

ಇಲ್ಲಿ ನನ್ನದೂ ಒಂದು ಗೋಳು ಇದೆ. ಜಾಗದ ದರ ಗೊತ್ತು ಮಾಡಲು ನಾವು ಮೊದಲು ನೋಡುವುದು ಅಕ್ಕಪಕ್ಕ ಈಚೆಗೆ ಆದ ನೋಂದಾಯಿತ ಕ್ರಯಪತ್ರಗಳನ್ನು. ಆ ಬೀದಿಯವರೆಲ್ಲ ಸರ್ಕಾರಿ ರೇಟಿಗೇ ಬರೆಸಿರುತ್ತಾರೆ. 60 ಕೊಟ್ಟವರ ಪತ್ರದಲ್ಲೂ 35, 55 ಕೊಟ್ಟವರದ್ದರಲ್ಲೂ 35. "ನಮ್ಮ ಕಡೆ ಈಗ ರೇಟು ಎಲ್ಲೋ ಹೋಗಿದೆ ಸಾರ್, ನೀವು ಕಮ್ಮಿ ಹಾಕಿದಿರಿ" ಅಂತ ಜಗಳಕ್ಕೆ ಬರುವವರ ಹತ್ತಿರ ಒಂದು ಕಾಗದದ ಸಾಕ್ಷಿ ಕೇಳಿ ನೋಡಿ. ಇರಲ್ಲ. ನಾವೇ ಕಮ್ಮಿ ಬರೆಸುತ್ತೇವೆ, ಆಮೇಲೆ ಬ್ಯಾಂಕು ಕಮ್ಮಿ ಹೇಳಿತು ಅಂತ ಕೂಗಾಡುತ್ತೇವೆ. ನಿಮ್ಮ 2,300ರ ದರದ ಹಿಂದೆಯೂ ಇಂಥಾ ಹಳೇ ಕಾಗದಗಳ ನೆರಳು ಸ್ವಲ್ಪ ಇರಬಹುದು. 51 ಅಲ್ಲ 53 ಅಂತ ನಾನು ಮೊದಲೇ ಒಂದು ಕಿಟಕಿ ತೆರೆದಿಟ್ಟದ್ದು ಅದಕ್ಕೇ.

"ಮೆಟ್ರೋ ಬರುತ್ತೆ" ಅನ್ನೋ ಮಾತೂ ನಿಮ್ಮ 62ರೊಳಗೆ ಎಲ್ಲೋ ಇದೆ ಅಂತ ನನ್ನ ಅನುಮಾನ. ಈಗ ತುಮಕೂರಲ್ಲಿ ಆ ಮಾತಿಲ್ಲದೆ ಯಾವ ವ್ಯವಹಾರವೂ ಆಗಲ್ಲ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಗೆ ಶಂಕುಸ್ಥಾಪನೆ ಆದದ್ದು 2016ರ ಜನವರಿಯಲ್ಲಿ. ಉದ್ಘಾಟನೆ ಆದದ್ದು 2023ರ ಫೆಬ್ರವರಿಯಲ್ಲಿ. ಅಡಿಗಲ್ಲು ಬಿದ್ದು, ಜಾಗ ಗೊತ್ತಾಗಿ, ದುಡ್ಡು ಸರ್ಕಾರದ್ದೇ ಆಗಿದ್ದ ಕೆಲಸಕ್ಕೇ ಏಳು ವರ್ಷ. ಮೆಟ್ರೋ ಬರಲಿ, ಸಂತೋಷ. ಕೂಸು ಹುಟ್ಟೋ ಮುಂಚೆ ಕುಲಾವಿಗೆ ಬ್ಯಾಂಕು ಸಾಲ ಕೊಡಲ್ಲ, ಅಷ್ಟೇ.

ಹಾಗಾದರೆ ಈಗ ಏನು ಮಾಡೋದು?

ವ್ಯಾಲ್ಯೂಯರ್ ಮನೆಗೆ ಹೋಗಿ ಜಗಳ ಆಡಬೇಡಿ. ವರದಿಯಲ್ಲಿ ಅಳತೆ ತಪ್ಪಿದೆಯಾ, ವಯಸ್ಸು ತಪ್ಪಿದೆಯಾ, ಬೋರ್‌ವೆಲ್, ಸಂಪು, ಸೋಲಾರ್ ಬಿಟ್ಟುಹೋಗಿದೆಯಾ ನೋಡಿ. ಬೋರ್‌ವೆಲ್ ಬಗ್ಗೆ ನನಗೆ ಒಂದು ಸಾಲೂ ಕಾಣಲಿಲ್ಲ. ಇದ್ದರೆ, ನೀರೂ ಇದ್ದರೆ, ಬ್ಯಾಂಕಿನ ಮೂಲಕ ಕೇಳಿ. ಅದೇ ಬೀದಿಯಲ್ಲಿ ಯಾರಾದರೂ ಪೂರ್ತಿ ಬೆಲೆಗೆ ನೋಂದಣಿ ಮಾಡಿಸಿದ್ದರೆ ಅದರ ದೃಢೀಕೃತ ನಕಲು ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ತೆಗೆಸಿ ಜೊತೆಗಿಡಿ. ಅಂಥಾ ಒಂದೇ ಒಂದು ಪತ್ರ ನಿಮ್ಮ ಹತ್ತು ಮಾತಿಗಿಂತ ಗಟ್ಟಿ. ಒಂದೆರಡು ಲಕ್ಷ ಏರಬಹುದು. 62 ಆಗಲ್ಲ. ಬೇರೆ ಬ್ಯಾಂಕಿಗೆ ಹೋದರೂ ಅವರ ವ್ಯಾಲ್ಯೂಯರ್ ಇದೇ 20 ಅಡಿ ರಸ್ತೆಯಲ್ಲೇ ನಿಂತು ಅಳೆಯೋದು.

ಅದಕ್ಕಿಂತ ಈ ವರದಿಯನ್ನು ಮಾಲೀಕರ ಮುಂದೆ ಇಡಿ. "ಬ್ಯಾಂಕು ಕೊಡಲ್ಲ" ಅಂತ ಅಳಬೇಡಿ. ರಸ್ತೆಯ ಸಾಲು, ಶೀಟ್ ಕೋಣೆಯ ಸಾಲು ತೋರಿಸಿ. ನೀವು ಬಿಟ್ಟರೂ ಮುಂದೆ ಬರುವವರೂ ಬ್ಯಾಂಕಿನಿಂದಲೇ ಬರುತ್ತಾರೆ, ಅವರಿಗೂ ಇದೇ 51 ಎದುರಾಗುತ್ತದೆ. ಮಾಲೀಕರಿಗೆ ಇದು ಅರ್ಥವಾದ ದಿನ ಬೆಲೆ ಇಳಿಯುತ್ತದೆ. ನನ್ನ ಲೆಕ್ಕದಲ್ಲಿ 55 ನ್ಯಾಯ, ಶಾಲೆಗೋಸ್ಕರ 56 ಅನ್ನಿ. 55ಕ್ಕೆ ಒಪ್ಪಿದರೆ ಸಾಲ ಅದೇ 40.80, ನಿಮ್ಮ ಕೈಯಿಂದ 14.20. ಸ್ಟ್ಯಾಂಪ್ ಖರ್ಚೂ ಅರ್ಧ ಲಕ್ಷ ಇಳಿಯುತ್ತದೆ. ಪೂರ್ತಿ ಬೆಲೆಗೇ ಪತ್ರ ಬರೆಸಿ, ಚೆಕ್ಕಿನಲ್ಲೇ ಕೊಡಿ. 50 ಲಕ್ಷ ಮುಟ್ಟಿದ ವ್ಯವಹಾರ ಆದ್ದರಿಂದ ಶೇಕಡಾ 1ರಷ್ಟು ಟಿಡಿಎಸ್, ಅಂದರೆ ಮಾಲೀಕರ ಲೆಕ್ಕದ ತೆರಿಗೆಯನ್ನು, ಅವರಿಗೆ ಕೊಡುವ ದುಡ್ಡಿನಲ್ಲೇ ನೀವೇ ಹಿಡಿದು ಕಟ್ಟಬೇಕು. ಈಗಾಗಲೇ ಕೊಟ್ಟ 3 ಲಕ್ಷವೂ ಅದರಲ್ಲಿ ಸೇರುತ್ತದೆ.

ಆ 3 ಲಕ್ಷದ ಕರಾರು ತೆಗೆದು ಇವತ್ತೇ ಓದಿ. ಸಾಲ ಮಂಜೂರಾಗದಿದ್ದರೆ ಅಡ್ವಾನ್ಸ್ ವಾಪಸ್ ಅನ್ನೋ ಸಾಲು ಇದೆಯಾ? ಇದ್ದರೆ ಧೈರ್ಯವಾಗಿ ಮಾತಾಡಿ. ಇಲ್ಲದಿದ್ದರೆ ಮೆತ್ತಗೆ ಮಾತಾಡಿ, ವಕೀಲರೊಬ್ಬರಿಗೆ ತೋರಿಸಿ. ಇನ್ನೊಂದು ವಿಷಯ. ವ್ಯಾಲ್ಯೂಯೇಷನ್ ವರದಿ ಬಂತು ಅಂದ ಮಾತ್ರಕ್ಕೆ ಹಕ್ಕುಪತ್ರ ಸರಿಯಿದೆ ಅಂತ ಅರ್ಥ ಅಲ್ಲ. ಅದು ಲೀಗಲ್ ಒಪಿನಿಯನ್ ಕೊಡುವ ವಕೀಲರ ಕೆಲಸ. ಕಾಲಂ ಗಟ್ಟಿಯಿದೆಯಾ ಅನ್ನೋದೂ ನಮ್ಮ ಕಣ್ಣಳತೆಗೆ ಸಿಗಲ್ಲ. ಬಿರುಕು ಕಂಡಿದ್ದರೆ ಸ್ಟ್ರಕ್ಚರಲ್ ಇಂಜಿನಿಯರ್‌ಗೆ ತೋರಿಸಿ.

ಗುಬ್ಬಿ ಸೈಟಿನ ಬಗ್ಗೆ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಮಾರಿದರೆ ಅಲ್ಲೂ ಒಂದು ವ್ಯಾಲ್ಯೂಯೇಷನ್ ಬೇಕಾಗುತ್ತದೆ, ಇವತ್ತಿನ ಬೆಲೆಗಲ್ಲ, ಹಿಂದಿನದಕ್ಕೆ. ಅಪ್ಪ ಅದನ್ನು 2001ಕ್ಕೆ ಮೊದಲೇ ಕೊಂಡಿದ್ದರೆ, ಅವರು ಅಂದು ಕೊಟ್ಟ ಬೆಲೆಯ ಬದಲು 2001ರ ಏಪ್ರಿಲ್ 1ರಂದು ಇದ್ದ ಬೆಲೆಯನ್ನು ಅಸಲು ಅಂತ ತೋರಿಸಬಹುದು. ಅದಕ್ಕೆ ನೋಂದಾಯಿತ ವ್ಯಾಲ್ಯೂಯರ್ ವರದಿ ಮಾಡಿಸಿಕೊಳ್ಳಿ. ಅಂದಿನ ಸರ್ಕಾರಿ ರೇಟು ಗೊತ್ತಿದ್ದರೆ ಅದನ್ನು ಮೀರುವಂತಿಲ್ಲ, ಆದ್ದರಿಂದ ಮೊದಲು ಆ ರೇಟು ತೆಗೆಸಿ. ಸೈಟು 2024ರ ಜುಲೈ 23ಕ್ಕೆ ಮೊದಲೇ ನಿಮ್ಮ ಪಾಲಿಗೆ ಬಂದಿದ್ದರೆ ತೆರಿಗೆಯನ್ನು ಎರಡು ರೀತಿ ಲೆಕ್ಕ ಹಾಕಿ, ಯಾವುದು ಕಮ್ಮಿಯೋ ಅದನ್ನು ಕಟ್ಟಬಹುದು: ಸುಮ್ನೆ ಶೇಕಡಾ 12.5, ಇಲ್ಲವೇ ಬೆಲೆಯೇರಿಕೆ ಸೂಚ್ಯಂಕ ಹಚ್ಚಿ ಶೇಕಡಾ 20. ಸೈಟು ಮಾರಿದ ದುಡ್ಡನ್ನು ಮನೆಗೇ ಹಾಕಿದರೆ ವಿನಾಯಿತಿಗೂ ದಾರಿ ಇದೆ. ಸೈಟು ಮಾರುವುದಕ್ಕೆ ಹಿಂದಿನ ಒಂದು ವರ್ಷದೊಳಗೆ ಅಥವಾ ಮಾರಿದ ಎರಡು ವರ್ಷದೊಳಗೆ ಮನೆ ಕೊಂಡಿರಬೇಕು. ನಿಮ್ಮ ಹೆಸರಲ್ಲಿ ಈಗಾಗಲೇ ಎಷ್ಟು ಮನೆ ಇವೆ ಅನ್ನೋದೂ ಲೆಕ್ಕಕ್ಕೆ ಬರುತ್ತದೆ, ಆಡಿಟರ್ ಹತ್ತಿರ ಕೂತು ನೋಡಿ. ಅಕ್ಕತಂಗಿಯರು ಇದ್ದರೆ ಅವರ ಸಹಿ ಇಲ್ಲದೆ ಯಾರಿಂದಲೂ ಅಡ್ವಾನ್ಸ್ ಮುಟ್ಟಬೇಡಿ.

ಆದರೆ ಮನೆ 55ಕ್ಕೆ ಇಳಿದರೆ ಆ ಸೈಟು ಮಾರುವ ಪ್ರಸಂಗವೇ ಬರದಿರಬಹುದು. ಆದ್ದರಿಂದ ಮೊದಲು ಮಾಲೀಕರ ಮನೆಗೆ ಹೋಗಿ, ಗುಬ್ಬಿಗೆ ಆಮೇಲೆ. ಹೋಗುವಾಗ ಮಂಜೂರಾದ ನಕ್ಷೆಯ ಪ್ರತಿ ಕೈಯಲ್ಲಿರಲಿ. ಶೀಟ್ ಕೋಣೆಯ ಮಾತು ಬಂದಾಗ ಅದನ್ನು ಬಿಚ್ಚಿ ಮುಂದಿಡಿ.